ಹಿಂದಿನ ಸೀಟಿನ ಅಗಲ

ಆ ಮನೆಯೊಳಗೆ ಗಾಳಿ ನುಗ್ಗಬೇಕಾದರೂ ಹೊಸಿಲ ಮೇಲೆ ನಿಂತು ಅಳತೆ ಕೊಟ್ಟೇ ನುಗ್ಗಬೇಕು ಎಂದು ಬೀದಿಯವರು ಹೇಳುತ್ತಿದ್ದರು. ಮನೆಯಾಕೆ ದರ್ಜಿ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತಾಳೆ, ಮಲಗುವಾಗ ಅದನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾಳೆ ಎಂದು ಸುದ್ದಿಯಿತ್ತು. ಸುದ್ದಿ ಮುಕ್ಕಾಲು ಪಾಲು ನಿಜ. ಎದುರುಮನೆಯ ಬಡಗಿ ಕಿಟಕಿ ಚೌಕಟ್ಟು ಜೋಡಿಸುತ್ತಿದ್ದರೆ ಈಕೆ ಹಾದುಹೋಗುವಾಗ ಒಂದು ಕಣ್ಣು ಕಿರಿದು ಮಾಡಿ, ಎಡಗಡೆ ಒಂದು ನೂಲು ಜಾಸ್ತಿಯಾಯಿತಲ್ಲಣ್ಣ ಅನ್ನುವಳು. ಅವನು ಗೊಣಗುತ್ತ ಕೋಲು ಇಟ್ಟು ನೋಡಿದರೆ ಒಂದು ನೂಲು ಜಾಸ್ತಿಯೇ ಇರುತ್ತಿತ್ತು. ಹೀಗಾಗಿ ಹೆತ್ತವರಿಟ್ಟ ಹೆಸರು ಮೂಲೆ ಸೇರಿ, ಅವಳು ಎಲ್ಲರ ಬಾಯಲ್ಲಿ ಅಳತೆಯಮ್ಮನಾದಳು.

ಕತ್ತರಿಯ ವಿಷಯದಲ್ಲಂತೂ ಬೀದಿಗೆ ಅವಳ ಮೇಲೆ ಹೆಮ್ಮೆ. ಕರವಸ್ತ್ರ ಕೊಟ್ಟರೆ ಕೋಟು ಹೊಲಿದು, ಮಿಕ್ಕ ಚೂರಿನಲ್ಲಿ ಟೋಪಿಯನ್ನೂ ಮಾಡಿಕೊಡುತ್ತಾಳೆ ಎನ್ನುತ್ತಿದ್ದರು. ಬಟ್ಟೆ ಸಾಲದು ಎಂದು ಬೇರೆ ಕಡೆ ಕೈಚೆಲ್ಲಿದವರು ಕೊನೆಗೆ ಅವಳ ಮೇಜಿನ ಮುಂದೆ ಬಂದು ನಿಲ್ಲುವರು. ಹೇಗೆ ಸಾಲಿಸುತ್ತೀಯ ತಾಯಿ ಎಂದು ಕೇಳಿದರೆ, ಬಟ್ಟೆಯನ್ನು ಬೈಯಬಾರದು, ಅದಕ್ಕೆ ಒಂದಿಷ್ಟು ಜಾಗ ಬದಲಾಯಿಸಿಕೊಡಬೇಕು ಅಷ್ಟೇ ಎನ್ನುತ್ತಿದ್ದಳು.

ಗಂಡ ದೊಡ್ಡ ಲಾಂಡ್ರಿಯೊಂದರ ವ್ಯಾನು ಓಡಿಸುತ್ತಿದ್ದ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಕೊಳೆಯಾಗಿ ತಂದು ಬಿಳಿಯಾಗಿ ತಿರುಗಿಸುವ ಕೆಲಸ. ಆಕಾಶ ಬೀಳುತ್ತದೆ ಅಂದರೂ ಆಗಲಿ, ಬೀಳುವುದಿಲ್ಲ ಅಂದರೂ ಆಗಲಿ ಅನ್ನುವ ಮನುಷ್ಯ. ಅವನ ಹೆಸರು ಆಗಲಿರಾಯ ಎಂದೇ ನಿಂತುಹೋಯಿತು. ಅವಳು ಅಳೆಯುತ್ತಾಳೆ, ಅವನು ಆಗಲಿ ಅನ್ನುತ್ತಾನೆ, ಆ ಮನೆಯಲ್ಲಿ ಜಗಳ ಹುಟ್ಟುವುದಕ್ಕೆ ಜಾಗವೇ ಇಲ್ಲ ಎಂದು ಬೀದಿ ನಗುತ್ತಿತ್ತು. ಇನ್ನೊಂದು ಮಾತನ್ನು ಮಾತ್ರ ದನಿ ತಗ್ಗಿಸಿ ಹೇಳುವರು: ಊರ ಮಕ್ಕಳಿಗೆಲ್ಲ ಅಂಗಿ ಹೊಲಿದವಳ ಮನೆಯ ಹಗ್ಗದ ಮೇಲೆ ಒಂದು ಪುಟ್ಟ ಅಂಗಿ ಒಣಗಲಿಲ್ಲವಲ್ಲ.

ಆಮೇಲೆ ಒಂದು ದಿನ ಆ ಹಗ್ಗದ ಮೇಲೆ ಮೂರು ಅಳತೆಯ ಅಂಗಿಗಳು ಒಟ್ಟಿಗೇ ಒಣಗಿದವು. ಯಾರೂ ಸಂತೋಷಪಡುವ ಹಾಗಿರಲಿಲ್ಲ. ಅಳತೆಯಮ್ಮನ ತಂಗಿಯೂ ತಂಗಿಯ ಗಂಡನೂ ಕೆಲಸ ಮುಗಿಸಿ ಒಂದೇ ಸ್ಕೂಟರಿನಲ್ಲಿ ಹೊರಟವರು ಮನೆ ಮುಟ್ಟಿರಲಿಲ್ಲ. ಪಕ್ಕದ ಮನೆಯವರ ಸುಪರ್ದಿಯಲ್ಲಿ ಅಪ್ಪ ಅಮ್ಮನಿಗಾಗಿ ಕಾಯುತ್ತಿದ್ದ ಮೂವರು ಮಕ್ಕಳು ದೊಡ್ಡಮ್ಮನ ಮನೆಗೆ ಬಂದರು.

ದೊಡ್ಡವಳಿಗೆ ಆರು ತುಂಬಿತ್ತು. ಸೊಂಟದ ಮೇಲೆ ಕೈಯಿಟ್ಟು ನಿಂತು, ಒಲೆ ಆರಿಸಿದಿರಾ, ಬಾಗಿಲು ಹಾಕಿದಿರಾ ಎಂದು ದೊಡ್ಡವರನ್ನೇ ವಿಚಾರಿಸುವ ಹುಡುಗಿ, ಅದಕ್ಕೇ ಪುಟ್ಟಜ್ಜಿ. ನಡುವಿನವನು ನಾಲ್ಕು ವರ್ಷದ ಗುಬ್ಬಿ. ಅತ್ತರೆ ಅವನ ಎದೆಯೊಳಗೆ ಸಿಳ್ಳೆ ಏಳುತ್ತಿತ್ತು, ಉಸಿರು ಒಳಗೆ ಹೋದದ್ದು ಹೊರಗೆ ಬರಲು ಒದ್ದಾಡುತ್ತಿತ್ತು. ಕೊನೆಯದು, ಇನ್ನೂ ಒರಗಿಲ್ಲದೆ ಕೂರಲು ಕಲಿಯುತ್ತಿದ್ದ ಕೂಸು. ಅದಕ್ಕೆ ಬೇರೆ ಹೆಸರಿಡಲು ಯಾರಿಗೂ ಮನಸ್ಸಾಗದೆ ಕೂಸಾಗಿಯೇ ಉಳಿಯಿತು.

ಅಪ್ಪ ಅಮ್ಮ ಹೋದ ದಿನದಿಂದ ಗುಬ್ಬಿಗೆ ಒಂದು ಅಭ್ಯಾಸ ಹತ್ತಿಕೊಂಡಿತ್ತು. ಒಂದು ಕೈಯಲ್ಲಿ ಕೂಸಿನ ಪಾದ, ಇನ್ನೊಂದು ಕೈಯಲ್ಲಿ ಅಕ್ಕನ ಫ್ರಾಕಿನ ಅಂಚು, ಎರಡನ್ನೂ ಹಿಡಿದು ನಡುವೆ ಮಲಗಿದರೆ ಮಾತ್ರ ನಿದ್ದೆ. ಒಂದು ಕೈ ಖಾಲಿಯಾದರೆ ಸಾಕು, ಸಿಳ್ಳೆ ಶುರು. ಹಾಗಾಗಿ ಎಲ್ಲಿ ಕೂತರೂ ಎಲ್ಲಿ ಮಲಗಿದರೂ ಮೂವರ ಸಾಲು ಬದಲಾಗುತ್ತಿರಲಿಲ್ಲ: ಕೂಸು, ಗುಬ್ಬಿ, ಪುಟ್ಟಜ್ಜಿ.

ಮಕ್ಕಳ ಯೋಗಕ್ಷೇಮ ನೋಡುವ ಕಚೇರಿಯಿಂದ ಒಬ್ಬ ಮೇಡಂ ಬಂದು ಮನೆ ನೋಡಿದರು. ಬಡಕಲು ಮೈಯ, ಕಡಿಮೆ ಮಾತಿನ ಹೆಂಗಸು. ನೀರು, ಹಾಸಿಗೆ, ಕಿಟಕಿಯ ಸರಳು ಎಲ್ಲ ನೋಡಿ ತಲೆಯಾಡಿಸಿದರು. ತೊಡಕು ಬಂದದ್ದು ದಾರಿಯ ವಿಷಯದಲ್ಲಿ. ಮನೆಯಿದ್ದದ್ದು ಏರುದಾರಿಯ ತುದಿಯಲ್ಲಿ, ಅಲ್ಲಿಗೆ ಬಸ್ಸು ಹತ್ತುತ್ತಿರಲಿಲ್ಲ. ಗುಬ್ಬಿಯನ್ನು ಊರಾಚೆಯ ಆಸ್ಪತ್ರೆಗೆ ಆಗಾಗ ಕರೆದೊಯ್ಯಲೇಬೇಕು. ಅವನನ್ನು ಕರೆದೊಯ್ದರೆ ಉಳಿದಿಬ್ಬರನ್ನೂ ಕರೆದೊಯ್ಯಲೇಬೇಕು. ಲಾಂಡ್ರಿಯ ವ್ಯಾನಿನಲ್ಲಿ ಮುಂದೆ ಎರಡೇ ಸೀಟು, ಹಿಂದೆ ಬಟ್ಟೆಯ ಮೂಟೆ.

"ಮೂವರೂ ಒಟ್ಟಿಗೇ ಇರ್ಲಿ ಅಂತ ನನಗೂ ಇದೆ," ಎಂದರು ಮೇಡಂ. "ಆದ್ರೆ ಒಂದು ಗಾಡಿ ಬೇಕು. ಹಿಂದಿನ ಸಾಲಲ್ಲಿ ಮೂರು ಮಕ್ಕಳ ಸೀಟು, ಮೂರಕ್ಕೂ ಬೆಲ್ಟು. ಮಡಿಲಲ್ಲಿ ಕೂರಿಸ್ಕೊಳ್ತೀವಿ ಅನ್ನೋದು ನನ್ನ ಹತ್ರ ನಡೆಯಲ್ಲ. ಈ ಮಕ್ಕಳ ಮನೇಲಿ ರಸ್ತೆ ಈಗಾಗ್ಲೇ ಇಬ್ಬರನ್ನ ತಗೊಂಡಿದೆ."



ಗಾಡಿಯಾಗದಿದ್ದರೆ ಏನೆಂಬುದೂ ಮೊದಲೇ ತೀರ್ಮಾನವಾಗಿತ್ತು. ಮಕ್ಕಳ ಚಿಕ್ಕಪ್ಪ, ಅಂದರೆ ತೀರಿಕೊಂಡವನ ತಮ್ಮ, ಬೇರೆ ಊರಿನಲ್ಲಿದ್ದ. ಮೂವರನ್ನು ಸಾಕಲಾರೆ, ಕೂಸನ್ನು ಮಾತ್ರ ಒಯ್ಯುತ್ತೇನೆ ಎಂದಿದ್ದ. ಕೆಟ್ಟವನಲ್ಲ. ಅವನ ಹೆಂಡತಿಯ ಮಡಿಲು ತುಂಬಿರಲಿಲ್ಲ. ಈಗಾಗಲೇ ತಮ್ಮ ಕಾರಿನಲ್ಲಿ ಕೂಸಿಗೊಂದು ಹೊಸ ಸೀಟು ಕಟ್ಟಿಸಿ ಕಾಯುತ್ತಿದ್ದಳು.

ಕಚೇರಿಯವರು ಮೂರು ಮಕ್ಕಳ ಸೀಟುಗಳನ್ನು ಬಳಸಲು ಕೊಟ್ಟುಕಳಿಸಿದರು. ಕೂಸಿನದು ತೊಟ್ಟಿಲಿನಂಥದ್ದು; ಅದರಲ್ಲಿ ಕೂಸು ಕಾರಿನ ಹಿಂಬದಿಗೆ ಮುಖ ಮಾಡಿ ಒರಗಬೇಕು, ಮುಂದಕ್ಕೆ ಮುಖ ಮಾಡಿಸಿ ಕೂರಿಸುವಂತಿಲ್ಲ. ಉಳಿದೆರಡು ಸಿಂಹಾಸನದಂಥವು, ಭುಜದ ಹತ್ತಿರ ಎರಡೂ ಕಡೆ ರೆಕ್ಕೆ ಅಗಲಿಸಿಕೊಂಡಿದ್ದವು. ಅಳತೆಯಮ್ಮ ಮೂರನ್ನೂ ನಡುಮನೆಯ ನೆಲದ ಮೇಲೆ ಒತ್ತೊತ್ತಾಗಿ ಇಟ್ಟು, ಈ ಕೊನೆಗೊಂದು ಆ ಕೊನೆಗೊಂದು ಸೀಮೆಸುಣ್ಣದ ಗೆರೆ ಎಳೆದು, ಗೆರೆಯಿಂದ ಗೆರೆಗೆ ಟೇಪು ಹಿಡಿದಳು. ಅಂಕಿಯನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ತನ್ನ ಕಸೂತಿ ಯಂತ್ರವನ್ನು ಮಾರಿದಳು. ಗಂಡನನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹಳೇ ಕಾರುಗಳ ಅಂಗಳಕ್ಕೆ ಹೊರಟಳು.

ಹೊರಡುವಾಗ ಆಗಲಿರಾಯ ಎಂದೂ ಇಲ್ಲದೆ ಒಂದು ಸಲಹೆ ಕೊಟ್ಟ. "ಸೀಟುಗಳನ್ನೇ ಹೊತ್ಕೊಂಡು ಹೋಗಿ ಇಟ್ಟು ನೋಡಿಬಿಡೋಣ್ವಾ?"

"ಫ್ರಾಕು ಹೊಲಿಯೋವಾಗ ಹುಡುಗೀನ ಮೇಜಿನ ಮೇಲೆ ಮಲಗಿಸಿ ಕತ್ತರಿಸ್ತೀನೇನ್ರೀ? ಟೇಪು ಯಾಕಿರೋದು?"

"ಆಗಲಿ," ಎಂದ ಅವನು.

ಅಂಗಳದ ಬ್ರೋಕರನಿಗೆ ಬಾಯಿ ತುಂಬ ಹಲ್ಲು, ಹಲ್ಲಿನ ತುಂಬ ನಗೆ. ಮೊದಲು ಕೆಂಪಗೆ ಹೊಳೆಯುವ ಸಣ್ಣ ಕಾರನ್ನು ತೋರಿಸಿದ. ಹಿಂದಿನ ಸೀಟಿನ ನಟ್ಟನಡುವೆ ಒಂಟೆಯ ಬೆನ್ನಿನಂತೆ ಡುಬ್ಬ. ಅದರ ಮೇಲೆ ಯಾವ ಸೀಟೂ ನೆಟ್ಟಗೆ ಕೂರುವಂತಿರಲಿಲ್ಲ. ಆಮೇಲೆ ಒಂದು ಉದ್ದನೆಯ ವ್ಯಾನು. ಜಾಗ ಬೇಕಾದಷ್ಟು, ಆದರೆ ಪಕ್ಕದ ಬೆಂಚುಗಳಿಗೆ ಬೆಲ್ಟೇ ಇಲ್ಲ. ಮೂರನೆಯದು ಏಳು ಜನರ ಗಾಡಿ. ಆಗಲಿರಾಯನಿಗೆ ಅದು ಹಿಡಿಸಿತು, ಕೈಯಲ್ಲಿದ್ದದ್ದನ್ನೆಲ್ಲ ಸುರಿದರೆ ಹೇಗೋ ಆದೀತು ಎಂದು ಲೆಕ್ಕ ಹಾಕಿದ. ಆದರೆ ನಡುವಿನ ಸಾಲಿನಲ್ಲಿ ಎರಡೇ ಬಿಡಿ ಕುರ್ಚಿ. ಮೂರನೆಯ ಮಗು ಅವುಗಳ ಹಿಂದೆ, ಕೊನೆಯ ಸಾಲಿನಲ್ಲಿ ಒಂಟಿ. ನೋಡಿಯೇ ಗುಬ್ಬಿ ಅಕ್ಕನ ಫ್ರಾಕನ್ನು ಹಿಂಡತೊಡಗಿದ. ಅಳತೆಯಮ್ಮ ಬಾಗಿಲು ಮುಚ್ಚಿದಳು.

ಕೊನೆಗೆ ಮೂಲೆಯಲ್ಲಿ, ಧೂಳು ಹೊದ್ದುಕೊಂಡು ನಿಂತಿದ್ದ ಬೂದು ಬಣ್ಣದ ಹಳೆಯ ಕಾರು. ಹಿಂದಿನ ಸೀಟು ಉದ್ದಕ್ಕೂ ಒಂದೇ ಹಾಸು, ಮೂರು ಬೆಲ್ಟು. ಯಾರದೋ ಮನೆಯ ಇಬ್ಬರು ವರ್ಷಗಟ್ಟಲೆ ಕೂತು ಕೂತು ಅದರಲ್ಲಿ ಎರಡು ತಗ್ಗುಗಳಾಗಿದ್ದವು. ಅಳತೆಯಮ್ಮ ಒಳಗೆ ಮಂಡಿಯೂರಿ ಟೇಪು ಹಾಸಿದಳು, ಅಂಗೈಯಿಂದ ನೀವಿದಳು, ಗಿರಾಕಿಯ ಬೆನ್ನಿಗೆ ಮಾಡುವ ಹಾಗೆಯೇ.

"ಕಾರಿಗೆ ಅಂಗಿ ಹೊಲೀತೀರೇನಮ್ಮಾ?" ಎಂದ ಬ್ರೋಕರು.

"ಇಲ್ಲಪ್ಪ, ನಿನ್ನ ಮಾತಿಗೆ ಅಳತೆ ತಗೊಳ್ತಿದ್ದೆ. ಟೇಪು ಸಾಲ್ತಾ ಇಲ್ಲ."

ಅವನೂ ನಕ್ಕ. ಮೂರೇನು, ನಾಲ್ಕು ಸೀಟು ಹಿಡಿಯುತ್ತೆ ಎಂದು ಆಣೆ ಇಟ್ಟ. ಅವಳಿಗೆ ಅವನ ಆಣೆ ಬೇಕಿರಲಿಲ್ಲ. ಟೇಪು ಹೇಳಿತ್ತು: ಬೇಕಾದದ್ದಕ್ಕಿಂತ ಒಂದು ಬೆರಳು ಹೆಚ್ಚೇ ಇದೆ. ಹಣ ಕೈ ಬದಲಾಯಿತು, ಕೀಲಿ ಬಂತು.

ಮರುದಿನ ಬೆಳಿಗ್ಗೆ ಮೇಡಂ ಬಂದು ನೋಡುವುದೆಂದು ಗೊತ್ತಾಗಿತ್ತು. ಚಿಕ್ಕಪ್ಪನೂ ಹೆಂಡತಿಯ ಜೊತೆ ಅದೇ ಹೊತ್ತಿಗೆ ಬರುವವನಿದ್ದ.

ಕಾರು ಏರು ಹತ್ತಿ ಬಂದಾಗ ಬೀದಿಯೇ ಹೊರಗೆ ಬಂತು. ಮಕ್ಕಳು ಬಾನೆಟ್ಟು ತಟ್ಟಿದರು, ಹೆಂಗಸರು ಕಿಟಕಿಯಲ್ಲಿ ಇಣುಕಿದರು. ಆಗಲಿರಾಯ ತೊಟ್ಟಿಲು ಸೀಟನ್ನು ತಂದು ಒಂದು ಬಾಗಿಲ ಬದಿಗೆ ಕಟ್ಟಿದ. ಗುಬ್ಬಿಯದನ್ನು ನಡುವೆ ಇಟ್ಟ. ಪುಟ್ಟಜ್ಜಿಯದನ್ನು ಆಚೆ ಬದಿಗಿಟ್ಟು ಬಾಗಿಲು ನೂಕಿದ.

ಬಾಗಿಲು ಕಟ್ಟೆಂದು ನಿಂತಿತು.

ಇನ್ನೊಮ್ಮೆ ನೂಕಿದ. ಗುಬ್ಬಿಯ ಸೀಟಿನ ರೆಕ್ಕೆ ಪುಟ್ಟಜ್ಜಿಯ ಸೀಟಿನ ರೆಕ್ಕೆಗೆ ತಗಲಿ, ಆ ಸೀಟು ಬಾಗಿಲಿನಿಂದ ಎರಡು ಬೆರಳು ಆಚೆ ನಿಂತಿತ್ತು. ಮುಂದಕ್ಕೆ ಎಳೆದರು, ಓರೆ ಮಾಡಿದರು, ಬೆಲ್ಟು ಸಡಿಲಿಸಿ ಬಿಗಿದರು. ನೆರೆಯವರೆಲ್ಲ ಒಂದೊಂದು ಬುದ್ಧಿ ಹೇಳಿದರು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಎರಡು ಬೆರಳು ಎರಡು ಬೆರಳಾಗಿಯೇ ಉಳಿಯಿತು. 

ಬಡಗಿ ಎದುರುಮನೆಯಿಂದ ತನ್ನ ಮರದ ಅಳತೆಗೋಲನ್ನು ತಂದು ಹಿಂದಿನ ಸೀಟಿನ ಮೇಲೆ ಅಡ್ಡಲಾಗಿ ಹಿಡಿದ. ಕೋಲು ತಗ್ಗುಗಳ ಮೇಲೆ ಸೇತುವೆಯಂತೆ ನಿಂತಿತು. ಅವನಿಗೆ ಅವಳ ಮೇಲೆ ಎಷ್ಟು ವರ್ಷದ ಬಾಕಿಯಿತ್ತೋ. ಆದರೂ ಅವನು ನಗಲಿಲ್ಲ.

"ಟೇಪು ಮೈ ಮೇಲೆ ಹರಿಯುತ್ತೆ ತಾಯಿ," ಎಂದ ಮೆಲ್ಲಗೆ. "ಕೋಲು ಹರಿಯಲ್ಲ."

ಅಳತೆಯಮ್ಮನಿಗೆ ಅರ್ಥವಾಯಿತು. ಉಬ್ಬಿದಲ್ಲಿ ಉಬ್ಬಿ, ತಗ್ಗಿದಲ್ಲಿ ತಗ್ಗಿ, ಮನುಷ್ಯರ ಮೈಗೆ ಪಳಗಿದ ಬಟ್ಟೆಯ ಟೇಪು ಅದು. ಅವಳು ಅದನ್ನು ಆ ಎರಡು ತಗ್ಗುಗಳೊಳಗೆ ನೀವಿ ನೀವಿ ಇಳಿಸಿ ಅಳೆದಿದ್ದಳು. ನೆಲದ ಮೇಲೆ ಸೀಟುಗಳನ್ನು ಅಳೆದದ್ದು ನೆಟ್ಟಗೆ, ಕಾರನ್ನು ಅಳೆದದ್ದು ಬಳಸಿ. ಊರಿಗೆಲ್ಲ ಅಳತೆ ಹೇಳಿದವಳು ತನ್ನ ಮನೆಯ ಅಳತೆಯಲ್ಲಿ ಮುಗ್ಗರಿಸಿದ್ದಳು.

ಆಗಲಿರಾಯ ಬ್ರೋಕರನಿಗೆ ಫೋನು ಮಾಡಿದ. ಆ ಕಡೆಯಿಂದ ನಗೆ ಕೇಳಿಸಿತು. ಕೀಲಿ ಕೈ ಬದಲಾದ ಮೇಲೆ ಮುಗಿಯಿತು ಯಜಮಾನರೇ, ಬೇಕಾದರೆ ಅರ್ಧ ಬೆಲೆಗೆ ಕೊಂಡುಕೊಳ್ಳುತ್ತೇನೆ ಎಂದನಂತೆ. ಅದರ ಹಿಂದೆಯೇ ಚಿಕ್ಕಪ್ಪನ ಫೋನು: ಬೆಳಿಗ್ಗೆ ಬೇಗನೇ ಬಂದುಬಿಡುತ್ತೇವೆ, ಕೂಸಿನ ನಾಲ್ಕು ಬಟ್ಟೆ ಕಟ್ಟಿಟ್ಟಿರಿ.

ಸಂಜೆ ಅಳತೆಯಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. ಒಳಗೆ ಹಳೆಯ ರಬ್ಬರಿನ ವಾಸನೆ. ಅಂಗೈಯನ್ನು ತಗ್ಗಿನೊಳಗಿಟ್ಟು ನೋಡಿದಳು. ಎಷ್ಟು ಹಿತವಾಗಿ ಕೂರುತ್ತಿತ್ತು ಕೈ. ಗಂಡ ಬಂದು ಪಕ್ಕದಲ್ಲಿ ಕೂತ.

"ನನ್ನ ಕೈಯಾರೆ ಕಳೆದೆ ರೀ," ಎಂದಳು. "ನೀವು ಹೇಳಿದ್ರಿ. ನಾನು ನಗಾಡಿದೆ. ಈಗ ಕೂಸಿನ ಬಟ್ಟೆ ಕಟ್ಟಿಡಬೇಕಂತೆ."

ಈಗಲೂ ಅವನು ಆಗಲಿ ಅನ್ನುತ್ತಾನೇನೋ ಎಂದು ಅವಳಿಗೆ ಭಯವಾಯಿತು. ಅವನು ತಗ್ಗಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ, "ಅದು ಮಾತ್ರ ಆಗಲ್ಲ ಕಣೇ," ಎಂದ. ಅಷ್ಟೇ. ಹೇಗೆ ಆಗುವುದಿಲ್ಲ ಎಂದು ಅವನಿಗೂ ಗೊತ್ತಿರಲಿಲ್ಲ.

ಬೆಳಗಾಯಿತು. ಅಳತೆಯಮ್ಮನ ಕೈಗೆ ಕೆಲಸ ಬೇಕಿತ್ತು. ಸುಮ್ಮನಿದ್ದರೆ ಕೂಸಿನ ಬಟ್ಟೆಯ ಕಡೆಗೇ ಕೈ ಹೋಗುತ್ತಿತ್ತು. ಮೇಜಿನ ಮೇಲೆ ಶಾಲೆಯ ಟೀಚರೊಬ್ಬರ ಕೋಟಿನ ಬಟ್ಟೆಯಿತ್ತು. ಎಂದಿನಂತೆ ಬಟ್ಟೆ ಸಾಲದು. ಹಾಸಿದಳು. ತೋಳಿನ ಕಾಗದದ ನಮೂನೆಗಳೆರಡನ್ನು ಅಕ್ಕಪಕ್ಕ ಇಟ್ಟಳು. ಭುಜದ ಹತ್ತಿರ ಎರಡೂ ಒಂದರ ಮೇಲೊಂದು ಏರಿದವು. ಯೋಚನೆಯೇ ಇಲ್ಲದೆ ಕೈ ತನ್ನ ಅಭ್ಯಾಸದಂತೆ ಒಂದು ನಮೂನೆಯನ್ನು ತಲೆಕೆಳಗು ಮಾಡಿತು. ಇದರ ಅಗಲವಾದ ಭುಜದ ಪಕ್ಕಕ್ಕೆ ಅದರ ಸಣ್ಣ ಮಣಿಕಟ್ಟು ಬಂದು ಕೂತಿತು. ಎರಡೂ ಹಿಡಿದವು, ಮೇಲೆ ಒಂದಿಷ್ಟು ಉಳಿಯಿತು ಕೂಡ.

ಸೀಮೆಸುಣ್ಣ ಅವಳ ಕೈಯಲ್ಲೇ ನಿಂತಿತು.

ಎರಡು ಸಿಂಹಾಸನಗಳಿಗೆ ಅಗಲವಿರುವುದು ಬೆನ್ನಿನ ಕಡೆ, ರೆಕ್ಕೆಯಲ್ಲಿ. ಕೂಸು ಹಿಂದಕ್ಕೆ ಮುಖ ಮಾಡುವುದರಿಂದ ಅದರ ತೊಟ್ಟಿಲಿಗೆ ಅಗಲವಿರುವುದು ಮುಂದೆ, ತಲೆಯ ಕಡೆ. ಹಿಂದಿನ ಒರಗಿಗೆ ತಾಗುವುದು ಸಣ್ಣನೆಯ ಕಾಲಿನ ಕೊನೆ. ತೊಟ್ಟಿಲನ್ನು ನಡುವೆ ಇಟ್ಟರೆ? ಎರಡು ಭುಜಗಳ ಮಧ್ಯೆ ಒಂದು ಮಣಿಕಟ್ಟು. ಬಟ್ಟೆಯನ್ನು ಬೈಯಬಾರದು, ಜಾಗ ಬದಲಾಯಿಸಿಕೊಡಬೇಕು ಎಂದು ಊರಿಗೆಲ್ಲ ಹೇಳಿದ್ದು ತಾನೇ ಅಲ್ಲವೇ. ಸಾಲು ಎಂದರೆ ಕೂಸು, ಗುಬ್ಬಿ, ಪುಟ್ಟಜ್ಜಿ ಎಂದು ಅವಳ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಹೊಲಿದುಹೋಗಿತ್ತೆಂದರೆ, ಆ ಹೊಲಿಗೆ ಬಿಚ್ಚಬಹುದೆಂದು ಹೊಳೆದೇ ಇರಲಿಲ್ಲ.

ಅವಳು ಕೆದರಿದ ತಲೆಯಲ್ಲೇ ಬೀದಿಗೆ ಓಡಿದಳು. ಗಂಡನನ್ನು ಕೂಗಿದಳು, ಬಡಗಿಯನ್ನು ಕೂಗಿದಳು. ಮೂರೂ ಸೀಟುಗಳನ್ನು ಬಿಚ್ಚಿದರು. ತೊಟ್ಟಿಲನ್ನು ನಡುವೆ ಕಟ್ಟಿ, ಇನ್ನೆರಡನ್ನು ಎರಡು ಬದಿಗಿಟ್ಟು, ಆಗಲಿರಾಯ ಉಸಿರು ಹಿಡಿದು ಬಾಗಿಲು ನೂಕಿದ. ಟಪ್ಪೆಂದು ಹಾಕಿಕೊಂಡಿತು. ಬಡಗಿ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಇದಕ್ಕೆ ಕೋಲು ಬೇಡ ಬಿಡಿ ಎಂದ.

ಆದರೆ ಸೀಟು ಹಿಡಿದರೆ ಸಾಕೇ, ಮಕ್ಕಳು ಹಿಡಿಯಬೇಡವೇ? ಗುಬ್ಬಿಯನ್ನು ಬಾಗಿಲ ಬದಿಯ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ್ದೇ, ಅವನ ಕೈ ಅಕ್ಕನ ಫ್ರಾಕಿಗಾಗಿ ಗಾಳಿಯಲ್ಲಿ ತಡಕಾಡಿತು. ಅಕ್ಕ ಆ ತುದಿಯಲ್ಲಿದ್ದಳು. ನಡುವೆ ತೊಟ್ಟಿಲು. ಅವನ ಕೆಳತುಟಿ ನಡುಗಿತು, ಎದೆ ಏರಿ ಇಳಿಯಿತು, ಒಳಗೆಲ್ಲೋ ಸಣ್ಣದಾಗಿ ಸಿಳ್ಳೆ ಎದ್ದಿತು.

ಅದೇ ಹೊತ್ತಿಗೆ ಏರಿನ ಕೆಳಗೆ ಎಂಜಿನ್ನಿನ ಸದ್ದು. ಮುಂದೆ ಮೇಡಂ ಬಂದ ಕಚೇರಿಯ ಗಾಡಿ, ಹಿಂದೆ ಚಿಕ್ಕಪ್ಪನ ಕಾರು. ಅದರ ಕಿಟಕಿಯಲ್ಲಿ ಹೊಸ ತೊಟ್ಟಿಲು ಸೀಟು ಕಾಣುತ್ತಿತ್ತು.

ಅಳತೆಯಮ್ಮ ಗುಬ್ಬಿಯ ಎದೆ ನೀವಿದಳು, ಕತೆ ಹೇಳಹೋದಳು, ಟೇಪನ್ನೇ ಅವನ ಕೈಗೆ ಕೊಟ್ಟಳು. ಅವನು ಟೇಪನ್ನು ನೆಲಕ್ಕೆ ಬಿಟ್ಟ. ಸಿಳ್ಳೆ ಏರಿತು. ಮೇಡಂ ಗಾಡಿಯಿಂದ ಇಳಿಯುತ್ತಿದ್ದರು. ಈ ಮಗುವಿನ ಉಸಿರು ಕಟ್ಟಿದ್ದನ್ನು ಅವರು ನೋಡಿದರೆ ಸೀಟು ಹಿಡಿದೂ ಫಲವಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾಗುತ್ತಿತ್ತು.

ಆಚೆ ತುದಿಯಿಂದ ಪುಟ್ಟಜ್ಜಿ ಕತ್ತು ಚಾಚಿದಳು. ಅವಳ ಸೊಂಟಕ್ಕೆ ಬೆಲ್ಟಿತ್ತು, ಇಲ್ಲದಿದ್ದರೆ ಅಲ್ಲಿಗೆ ಕೈಯಿಡುತ್ತಿದ್ದಳೋ ಏನೋ.

"ಅಳ್ಬೇಡ್ವೋ. ಕೂಸಿಗೆ ಎರಡು ಕಾಲಿದೆಯಲ್ಲ. ನಿನಗೊಂದು, ನನಗೊಂದು. ನಾನು ಹಿಡ್ಕೊಂಡಿರೋದು ಕೂಸು ನಿನಗೆ ಹೇಳುತ್ತೆ."

ಅವಳು ತನ್ನ ಬದಿಯ ಪಾದವನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. ತೊಟ್ಟಿಲಿನ ಕಾಲಿನ ಕೊನೆ ಇಬ್ಬರ ನಡುವೆಯೇ ಇತ್ತು. ಕೂಸಿಗೆ ಕಚಗುಳಿಯಾಗಿ ಇನ್ನೊಂದು ಕಾಲನ್ನೂ ಒದ್ದಿತು. ಗುಬ್ಬಿ ಆ ಕಾಲನ್ನು ಹಿಡಿದ. ಒದೆತ ಅವನ ಕೈಗೂ ಬಂತು. ಅವನು ಅಕ್ಕನ ಕಡೆ ನೋಡಿದ. ಅವಳು ಮತ್ತೊಮ್ಮೆ ಅಲ್ಲಾಡಿಸಿದಳು.

ಮೇಡಂ ಬಂದರು. ಒಂದೊಂದು ಸೀಟನ್ನೂ ಬೆಲ್ಟಿನ ಹತ್ತಿರ ಹಿಡಿದು ಬಲವಾಗಿ ಎಳೆದು ನೋಡಿದರು. ಬಾಗಿಲುಗಳನ್ನು ಹಾಕಿ ತೆಗೆದು ಮಾಡಿದರು. ತೊಟ್ಟಿಲು ನಡುವೆ ಯಾಕೆ ಎಂದು ಕೇಳಿದರು. ಅಳತೆಯಮ್ಮ ಸುಳ್ಳು ಹೇಳಲಿಲ್ಲ: ಹೀಗಿಟ್ಟರೆ ಮಾತ್ರ ಹಿಡಿಯುತ್ತದೆ, ನಾನು ಅಳತೆ ತಪ್ಪಿದ್ದೆ ಎಂದಳು. ಮೇಡಂ ಅವಳ ಮುಖ ನೋಡಿದರು. ಆಗಲಿರಾಯನ ಪಕ್ಕದಲ್ಲಿ ಕೂತು, ಆಸ್ಪತ್ರೆಯವರೆಗೆ ಹೋಗಿ ಬರೋಣ ನಡೆಯಿರಿ ಎಂದರು.

ಕಾರಿನಲ್ಲಿ ಇನ್ನು ಜಾಗವಿರಲಿಲ್ಲ. ಅಳತೆಯಮ್ಮ ಬೀದಿಯಲ್ಲೇ ಉಳಿದಳು. ಕಾರು ಇಳಿಜಾರಿನಲ್ಲಿ ಮರೆಯಾಯಿತು. ದಾರಿಯಲ್ಲಿ ಸಿಳ್ಳೆ ಎದ್ದರೆ ಎದೆ ನೀವುವವರು ಯಾರು?

ಚಿಕ್ಕಪ್ಪ ತನ್ನ ಕಾರಿಗೆ ಒರಗಿ ನೆಲ ನೋಡುತ್ತ ನಿಂತ. ಅವನ ಹೆಂಡತಿ ಮಡಿಸಿದ ಉಣ್ಣೆಯ ಹೊದಿಕೆಯೊಂದನ್ನು ಎದೆಗವಚಿಕೊಂಡು ಅಳತೆಯಮ್ಮನ ಪಕ್ಕಕ್ಕೆ ಬಂದಳು. ಇಬ್ಬರೂ ಒಂದೇ ದಾರಿಯನ್ನು ನೋಡಿದರು, ಒಬ್ಬಳ ಹಾರೈಕೆ ಇನ್ನೊಬ್ಬಳಿಗೆ ನಷ್ಟ ಎಂದು ಇಬ್ಬರಿಗೂ ಗೊತ್ತಿತ್ತು.

"ನಿಮಗೆ ಇನ್ನಿಬ್ಬರಿದ್ದಾರಲ್ಲ ಅಕ್ಕ," ಎಂದಳು ಅವಳು ಕೊನೆಗೆ. ಜಗಳದ ದನಿಯಲ್ಲ, ಬೇಡುವ ದನಿ.

ಅಳತೆಯಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಗ್ಗದ ಮೇಲೆ ಪುಟ್ಟ ಅಂಗಿ ಒಣಗದ ಮನೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ನನಗೆ ಎಷ್ಟಿದ್ದಾರೆ ಅನ್ನೋದಲ್ಲಮ್ಮ," ಎಂದಳು. "ಅವನಿಗೆ ಎಷ್ಟು ಕೈ ಇದೆ ಅನ್ನೋದು." ಗುಬ್ಬಿಯ ಅಭ್ಯಾಸವನ್ನು ಹೇಳಿದಳು. ಕೂಸಿನ ಕಾಲು, ಅಕ್ಕನ ಅಂಚು. ಆ ಹೆಂಗಸಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವಳು ಹೊದಿಕೆಯ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದಳು, ಮತ್ತೆ ಬಿಚ್ಚಿದಳು.

ಕಾರು ಬಂತು. ಬಹಳ ನಿಧಾನವಾಗಿ ಬಂತು. ಆಗಲಿರಾಯನ ಮುಖದಲ್ಲಿ ಏನೂ ಗೊತ್ತಾಗಲಿಲ್ಲ; ಅವನ ಮುಖ ಯಾವಾಗಲೂ ಹಾಗೆಯೇ. ಅಳತೆಯಮ್ಮ ಓಡಿಹೋಗಿ ಹಿಂದಿನ ಕಿಟಕಿಗೆ ಮುಖವಿಟ್ಟಳು. ಗುಬ್ಬಿಯ ತಲೆ ಒಂದು ಕಡೆ ವಾಲಿತ್ತು. 

ಮೇಡಂ ಕೆಳಗಿಳಿದು ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿದರು.

"ಹುಡುಗ ಮಲಗಿಬಿಟ್ಟಿದ್ದಾನೆ," ಎಂದರು. "ಕಾಲು ಬಿಡಿಸೋಕೆ ಹೋಗ್ಬೇಡಿ, ಎಚ್ಚರ ಆಗ್ಬಿಡುತ್ತೆ. ಮೂವರೂ ಇಲ್ಲೇ ಇರ್ಲಿ."

ಚಿಕ್ಕಪ್ಪ ತಲೆಯೆತ್ತಲಿಲ್ಲ. ಅವನ ಹೆಂಡತಿ ಕಿಟಕಿಯ ಬಳಿ ಹೋಗಿ ಒಳಗೆ ನೋಡಿದಳು, ಎರಡು ಪುಟ್ಟ ಪಾದ, ಎರಡು ಕೈ. ಹೊದಿಕೆಯನ್ನು ಮುಂದಿನ ಸೀಟಿನ ಮೇಲಿಟ್ಟು, ತನ್ನ ಕಾರಿಗೆ ನಡೆದಳು. ಅಳತೆಯಮ್ಮ ಹಿಂದೆಯೇ ಹೋಗಿ, ಶಾಲೆಗೆ ರಜೆ ಬಂದಾಗಲೆಲ್ಲ ಬಂದು ಇದ್ದು ಹೋಗಬೇಕು, ಕೂಸಿಗೆ ಚಿಕ್ಕಮ್ಮ ಎನ್ನುವುದನ್ನು ತಾನೇ ಕಲಿಸುತ್ತೇನೆ ಎಂದಳು. ಮೊದಲೆರಡು ರಜೆಗಳಿಗೆ ಅವರು ಬರಲಿಲ್ಲ. ಮೂರನೆಯದಕ್ಕೆ ಬಂದರು.

ಆಮೇಲಿನದೆಲ್ಲ ಸಂಸಾರದ ಮಾತು. ಆ ಬೂದು ಕಾರು ಎಷ್ಟೋ ಸಲ ಸತ್ತು ಎಷ್ಟೋ ಸಲ ಬದುಕಿತು. ತೊಟ್ಟಿಲು ಹೋಗಿ ಸಿಂಹಾಸನ ಬಂತು, ಸಿಂಹಾಸನಗಳು ಹೋಗಿ ಬರೀ ಬೆಲ್ಟು ಉಳಿಯಿತು. ಕೂಸು ಮಾತ್ರ ನಡುವಿನ ಜಾಗ ಬಿಡಲಿಲ್ಲ. ಗುಬ್ಬಿಯ ಸಿಳ್ಳೆ ಮೀಸೆ ಮೂಡುವ ಹೊತ್ತಿಗೆ ತಾನಾಗಿ ಅಡಗಿತು. ಅಳತೆಯಮ್ಮನ ಯಂತ್ರದ ಪಕ್ಕದಲ್ಲಿ ಬಡಗಿ ಕೊಟ್ಟ ಮರದ ಕೋಲೊಂದು ಸೇರಿಕೊಂಡಿತು. ಅವನ ಕಿಟಕಿಗಳ ಮುಂದೆ ಹಾದುಹೋಗುವಾಗ ಅವಳು ಈಗಲೂ ಒಂದು ಕಣ್ಣು ಕಿರಿದು ಮಾಡುವಳು, ಆದರೆ ಬಾಯಿ ಬಿಡುವ ಮೊದಲು ಕೋಲು ಎಲ್ಲಿ ಎಂದು ಕೇಳುವಳು. ಆ ಮನೆಯಲ್ಲಿ ಜಾಗ ಕಡಿಮೆ, ಆದರೂ ಬಂದವರನ್ನೆಲ್ಲ ಹಿಡಿಯುತ್ತದೆ ಎಂದು ಬೀದಿಯ ಮಾತೂ ಬದಲಾಯಿತು.

ಕೊನೆಗೆ ಅವಳ ಮಂಡಿಗಳು ಏರುದಾರಿಯ ಮೇಲೆ ಮುನಿಸಿಕೊಂಡವು, ಕಣ್ಣು ಸೂಜಿಯ ಮೇಲೆ ಮುನಿಸಿಕೊಂಡಿತು. ಪುಟ್ಟಜ್ಜಿ ಕೆಲಸಕ್ಕೆ ಸೇರಿದ್ದಳು. ಸೊಂಟದ ಮೇಲೆ ಕೈಯಿಟ್ಟು, ಇನ್ನು ಈ ಏರು ಸಾಕು, ಸಮದಾರಿಯಲ್ಲಿ ಮನೆ ನೋಡಿದ್ದೇನೆ, ಎಲ್ಲರೂ ಅಲ್ಲಿಗೇ ಎಂದಳು. ಮೇಜು, ಯಂತ್ರ, ಪಾತ್ರೆಗಳು ಮೊದಲೇ ಲಾರಿಯಲ್ಲಿ ಹೋದವು.

ಹೊರಡುವ ಬೆಳಿಗ್ಗೆ ಅಳತೆಯಮ್ಮ ಖಾಲಿ ಮನೆಯಲ್ಲಿ ಒಮ್ಮೆ ಸುತ್ತಿದಳು. ಮೇಜಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣವಿತ್ತು. ಒಲೆ ಆರಿಸಿದಿರಾ ಎಂದು ಹೊರಗಿನಿಂದ ದನಿ ಬಂತು. ಒಲೆಯೇ ಇಲ್ಲವಲ್ಲೇ ಎಂದು ಇವಳು ಒಳಗಿನಿಂದ ಗೊಣಗಿದಳು. ಬಾಗಿಲೆಳೆದು ಬೀಗ ಹಾಕಿ, ಬೀಗದ ಕೈಯನ್ನು ಬಡಗಿಯ ಕೈಗೆ ಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು ಜೇಬನ್ನು ಒಮ್ಮೆ ತಟ್ಟಿದ. ಅವಳು ಅವನ ಕಿಟಕಿಯ ಕಡೆ ನೋಡಿ, "ಸರಿಯಾಗಿದೆ ಬಿಡಣ್ಣ," ಎಂದಳು.

ಕಾರಿನ ಮುಂದೆ ಆಗಲಿರಾಯ, ತಲೆಯೆಲ್ಲ ಬಿಳಿ, ಚಕ್ರ ಹಿಡಿದು ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು. ಹಿಂದೆ ಮೂವರೂ, ಬಸ್ಸಿಗೆ ಬನ್ನಿ ಅಂದರೂ ಕೇಳದೆ, ನೂಕಾಡುತ್ತ ಹತ್ತಿದರು. ಗುಬ್ಬಿ ಬಾಗಿಲೆಳೆದ. ಬಾಗಿಲು ಕಟ್ಟೆಂದು ನಿಂತಿತು.

ಎರಡು ಬೆರಳು. ಅವಳಿಗೆ ತಿರುಗಿ ನೋಡಬೇಕಾಗಲಿಲ್ಲ.

"ನಡುವಿನೋಳು ಮುಂದಕ್ಕೆ ಬಾಗೇ," ಎಂದಳು.

ಕೂಸು ಮುಂದೆ ಬಾಗಿತು. ಎರಡು ಭುಜಗಳು ಹಿಂದೆ ಸರಿದು ಕೂತವು. ಬಾಗಿಲು ಟಪ್ಪೆಂದು ಹಾಕಿಕೊಂಡಿತು.

"ಹೊರಡೋಣ್ವಾ?" ಎಂದು ಕೇಳಿದ ಗಂಡ.

ಅವಳು ಕೊರಳಿನ ಟೇಪನ್ನು ತೆಗೆದು, ಸುರುಳಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡಳು.

"ಆಗಲಿ," ಎಂದಳು.